ನನ್ನ ಕೈಯಿಂದ ನೀರು ಹೋದ ದಿನ

ಹುಣ್ಣಿಮೆ ಕಳೆದ ಬೆಳಿಗ್ಗೆ ನಮ್ಮ ಊರಿಗೆ ಹೊಸದಾಗಿ ಬಂದವರು ಇದೇನು ಹುಚ್ಚರ ಸಂತೆಯೋ ಎಂದುಕೊಳ್ಳುತ್ತಾರೆ. ಒಬ್ಬಳು ಮಾಳಿಗೆಯ ಮೇಲೆ ನಿಂತು ‘ಉಪ್ಪು! ಉಪ್ಪು!’ ಎಂದು ಕೂಗುತ್ತಿರುತ್ತಾಳೆ. ಎದುರು ಮನೆಯ ಗಂಡಸು ಹಲ್ಲುಜ್ಜುವುದನ್ನೂ ಬಿಟ್ಟು ‘ಚಪ್ಪಲಿ, ಚಪ್ಪಲಿ’ ಎಂದು ತನ್ನಷ್ಟಕ್ಕೆ ತಾನೇ ನಗುತ್ತಿರುತ್ತಾನೆ. ಗಾಬರಿಯಾಗುವಂಥದ್ದೇನೂ ಇಲ್ಲ. ಅವರ ಮನೆಗಳಲ್ಲಿ ಮಾತು ಕಲಿಯುವ ಕೂಸು ಇದೆ, ಅಷ್ಟೇ. ಕೂಸು ಯಾರ ಬಾಯಿಂದ ಒಂದು ಮಾತನ್ನು ತೆಗೆದುಕೊಳ್ಳುತ್ತದೋ ಅವರು ಹುಣ್ಣಿಮೆಯವರೆಗೆ ಅದಿಲ್ಲದೆ ಕಾಲ ಹಾಕಬೇಕು. ಹುಣ್ಣಿಮೆ ಕಳೆದ ಮೇಲೆ ಮಾತು ಇಬ್ಬರದೂ.

ಅದರಲ್ಲೂ ಕೂಸು ಬಾಯಿ ಬಿಟ್ಟು ಆಡುವುದಕ್ಕೆ ಎಷ್ಟೋ ವಾರ ಮೊದಲೇ ನಮ್ಮ ಬಾಯಿ ಖಾಲಿಯಾಗಿರುತ್ತದೆ. ಅದು ತೊಟ್ಟಿಲಲ್ಲಿ ಸುಮ್ಮನೆ ಕಣ್ಣು ಪಿಳಿಪಿಳಿ ಬಿಡುತ್ತಿರುತ್ತದೆ, ಇತ್ತ ಅಜ್ಜಿಗೆ ‘ಬೆಕ್ಕು’ ಬರುವುದಿಲ್ಲ. ಆಗ ಮನೆಯವರೆಲ್ಲ ಓಡಿಬಂದು ‘ತಗೊಂಡಿತು, ತಗೊಂಡಿತು!’ ಎಂದು ಸಕ್ಕರೆ ಹಂಚುತ್ತಾರೆ. ಅಂಗಡಿಯವನು ಗಿರಾಕಿ ತಡವರಿಸಿದರೆ ‘ಮನೇಲಿ ಕೂಸಾ?’ ಎಂದು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ತೋರಿಸುತ್ತಾನೆ. ನೇಕಾರರ ಬೀದಿಯ ಬಸಲಿಂಗಯ್ಯನಿಂದ ಅವನ ಮಗ ‘ಇಲ್ಲ’ ಎನ್ನುವುದನ್ನೇ ತೆಗೆದುಕೊಂಡುಬಿಟ್ಟಿದ್ದ. ಇಪ್ಪತ್ತು ದಿನ ಆ ಮನುಷ್ಯ ಎಲ್ಲದಕ್ಕೂ ಹೂಂಗುಟ್ಟಿದ. ಅಷ್ಟರಲ್ಲಿ ಹೆಂಡತಿ ಮೂರು ಸಲ ತವರಿಗೆ ಹೋಗಿ ಬಂದಳು. ತಲೆಯಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳು ಅವನ ಮುಖ ನೋಡಿದ್ದರೆ ತಾನೇ!

ಬಾಯಿ ಖಾಲಿಯಾದವರಿಗೆ ಕೈಮಾತು ಇದೆ. ಉಪ್ಪಿಗೆ ಹೆಬ್ಬೆರಳು ತೋರುಬೆರಳು ಉಜ್ಜಬೇಕು. ಹಾಲಿಗೆ ಮುಷ್ಟಿ ಹಿಂಡಬೇಕು. ನೀರಿಗೆ ಅಂಗೈಯನ್ನು ಬಟ್ಟಲು ಮಾಡಿ ಗಲ್ಲದ ಹತ್ತಿರ ತಂದು ವಾಲಿಸಬೇಕು. ಮಾವನವರಿಗೆ ಮೀಸೆ ತಿರುವಿದರೆ ಸಾಕು, ಮಾವನವರಿಗೆ ಮೀಸೆ ಇಲ್ಲದಿದ್ದರೂ ನಡೆಯುತ್ತದೆ. ಊರಿನಲ್ಲಿ ಇದು ಬಾರದವರೇ ಇಲ್ಲ. ಆದರೆ ಕೂಸಿನ ಎದುರು ಮಾತ್ರ ಕೈ ಆಡಿಸುವಂತಿರಲಿಲ್ಲ. ಕೂಸು ಕೈಯಾಟ ನೋಡುತ್ತ ಕೂತರೆ ಮಾತು ಇಳಿಯುವುದಿಲ್ಲವೆಂದು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದರು. ಎತ್ತಬಹುದು, ತೊಳೆಯಬಹುದು, ಉಣ್ಣಿಸಬಹುದು. ಕರೆಯಲಿಕ್ಕೂ ಕೈ ಬೀಸಕೂಡದು, ತೋರಿಸಲಿಕ್ಕೂ ಬೆರಳು ಎತ್ತಕೂಡದು. ಕೂಸಿರುವ ಮನೆಗಳಲ್ಲಿ ಗಂಡಸರು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಈಗ ನನ್ನ ವಿಷಯ. ನನ್ನ ಹೆಸರು ನಿಂಗಾಜಮ್ಮ, ಮಾತುಣಿಸುವುದು ನನ್ನ ಕಸುಬು. ಮಾತಿನಿಂದಲೇ ಅನ್ನ ತಿನ್ನುವವರು, ಮೇಷ್ಟ್ರು, ವಕೀಲರು, ಹರಾಜು ಕೂಗುವವರು, ಸ್ವಂತ ಬಾಯಿ ಖಾಲಿ ಮಾಡಿಕೊಂಡರೆ ಹೊಟ್ಟೆಪಾಡು ಹೇಗೆ? ಅದಕ್ಕೆ ನನ್ನಂಥವಳನ್ನು ಕರೆಸುತ್ತಾರೆ. ಬೆಳಿಗ್ಗೆ ಹೋದ ಕೂಡಲೇ ಮನೆಯ ಹೆಣ್ಣುಮಗಳು ಕೆಂಪು ಪಟ್ಟಿಯಿಂದ ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಾಳೆ. ಸಂಜೆಯವರೆಗೆ ಕೂಸಿನ ಜೊತೆ ಕೂತು ಮಾತಾಡುವುದೇ ಕೆಲಸ. ಈ ಕೆಲಸ ಸುಲಭವೆಂದುಕೊಂಡವರು ಒಂದು ದಿನ ಮಾಡಿ ನೋಡಲಿ. ಇದು ಮೂಗು, ಇದು ಕಿವಿ ಎಂದು ಪಾಠ ಒಪ್ಪಿಸಿದರೆ ಯಾವ ಕೂಸೂ ತೆಗೆದುಕೊಳ್ಳುವುದಿಲ್ಲ. ಅದು ಇರುವೆ ನೋಡುತ್ತಿದ್ದರೆ ನಾನು ಇರುವೆಯ ಮಾತೇ ಆಡಬೇಕು. ಅದು ಅತ್ತರೆ ಯಾಕವ್ವ ಎನ್ನಬೇಕು. ಅದು ‘ಗ್ಗೂ’ ಎಂದರೆ ಹೌದಾ, ಆಮೇಲೆ ಏನಾಯಿತು ಎಂದು ಕೇಳಬೇಕು, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿಂದ ಕೇಳಬೇಕು. ಹಾಗೆ ನಲವತ್ತೊಂದು ಮಕ್ಕಳಿಗೆ ಮಾತುಣಿಸಿದ್ದೆ. ನನ್ನ ಮಡಿಲಿಂದ ಬರಿಬಾಯಲ್ಲಿ ಎದ್ದ ಕೂಸು ಒಂದೂ ಇಲ್ಲವೆಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದೆ. ಜಂಬ ಎಂದರೆ ಜಂಬವೇ, ಅದಕ್ಕೇನೀಗ?

ಕಾರ್ತಿಕದ ಹುಣ್ಣಿಮೆ ಮುಗಿದ ವಾರ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವ ಓಂಕಾರಪ್ಪನವರ ಮನೆಯಿಂದ ಕರೆ ಬಂತು. ಆ ಮನೆಯ ಸಂಕಟ ನನಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ‘ಪಾಪ, ಆ ಮನೇಲಿ ಎಲ್ರೂ ಎಷ್ಟು ಚೆನ್ನಾಗಿ ಮಾತಾಡ್ತಾರೆ’ ಎಂದು ಜನ ಲೊಚಗುಟ್ಟುತ್ತಿದ್ದರು. ಓಂಕಾರಪ್ಪನವರ ಒಬ್ಬಳೇ ಮಗಳು ನೀಲಾಂಬಿಕೆಗೆ ಎರಡು ಮುಕ್ಕಾಲು ವರ್ಷ. ಅವಳು ಹುಟ್ಟಿದಂದಿನಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಒಂದೇ ಒಂದು ಮಾತು ಹೋಗಿರಲಿಲ್ಲ.

ಅವಳ ತಾಯಿ ಸರ್ವಮಂಗಳ ನನ್ನ ಕೈಗೆ ಪಟ್ಟಿ ಕಟ್ಟುವಾಗಲೇ ಅಳುತ್ತಿದ್ದಳು. ‘ಮಾಘದ ಹುಣ್ಣಿಮೆಗೆ ಮೂರು ತುಂಬುತ್ತೆ ಅಜ್ಜಮ್ಮ. ಅಷ್ಟರಲ್ಲಿ ಒಂದು, ಒಂದೇ ಒಂದು ತಗೊಂಡ್ರೂ ಸಾಕು’ ಎಂದಳು.

ಮೂರು ತುಂಬುವ ಹುಣ್ಣಿಮೆಗೆ ನಮ್ಮಲ್ಲಿ ಮಾತಿನ ಶಾಸ್ತ್ರ ಮಾಡುತ್ತಾರೆ. ಮಗುವನ್ನು ಸಂತೆಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಅದು ಒಂದೊಂದು ಮಾತು ಆಡಿದಾಗಲೂ ಹಿರಿಯರು ‘ಇದು ಯಾರ ಮಾತು?’ ಎಂದು ಕೇಳುತ್ತಾರೆ, ಯಾರಿಂದ ತೆಗೆದುಕೊಂಡಿತೋ ಅವರು ಎದ್ದು ನಿಲ್ಲುತ್ತಾರೆ. ಶಾಸ್ತ್ರವಾಗದ ಮಗುವನ್ನು ಶಾಲೆಗೆ ಕರೆಯುವುದಿಲ್ಲ, ಆಟಕ್ಕೆ ಕರೆಯುವುದಿಲ್ಲ. ಕೆಟ್ಟ ಜನರಲ್ಲ ನಮ್ಮವರು, ಆದರೆ ಅಂಥ ಮಗುವಿನ ಜೊತೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ.

ಓಂಕಾರಪ್ಪನವರು ಬಾಗಿಲಲ್ಲೇ ನಿಂತಿದ್ದರು. ಮಂಡಿಯಲ್ಲಿ ಎರಡು ಬೀದಿಗೆ ಕೇಳುವಂತೆ ಕೂಗುವ ಮನುಷ್ಯ, ಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ‘ನಂದೇ ತಪ್ಪು ನಿಂಗಾಜಮ್ಮ. ಹರಾಜಿನ ಮಾತು ಹೋದ್ರೆ ಏನ್ಗತಿ ಅಂತ ನಾನು ಕೂಸಿನ ಹತ್ರ ಬಾಯೇ ಬಿಡ್ಲಿಲ್ಲ. ಈಗ ಎಲ್ಲಾ ತಗೊಳ್ಳಲಿ ಅಂದ್ರೆ ಒಂದೂ ತಗೊಳ್ತಿಲ್ಲ. ಶಾಸ್ತ್ರ ಆಗ್ಲಿಲ್ಲ ಅಂದ್ರೆ ಹೊಳೆಯಾಚೆ ನಮ್ಮಕ್ಕನ ಮನೆಗೆ ಕಳಿಸ್ತೀನಿ. ಅಲ್ಲಿ ಸುತ್ತಮುತ್ತ ಮನೆಗಳಿಲ್ಲ, ಇವಳನ್ನ ಯಾರೂ ಏನೂ ಕೇಳಲ್ಲ.’

‘ಬಾಯಲ್ಲಿ ಒಳ್ಳೇದು ಬರಲಿ ಯಜಮಾನ್ರೇ’ ಎಂದು ಗದರಿದೆ. ‘ನನ್ನ ಹೆಸರು ನಿಂಗಾಜಮ್ಮ.’

ಮೊದಲ ದಿನವೇ ಒಳಗೆ ಯಾರದೋ ಕೈಜಾರಿ ಕಂಚಿನ ತಟ್ಟೆ ಠಣಾರನೆ ಬಿತ್ತು. ನಾನು ಬೆಚ್ಚಿಬಿದ್ದೆ. ನನ್ನ ಮುಂದೆ ಕೂತಿದ್ದ ನೀಲ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಸರ್ವಮಂಗಳ ತಲೆ ತಗ್ಗಿಸಿ, ‘ಕಿವಿ ಕೇಳ್ಸಲ್ಲ ಅಜ್ಜಮ್ಮ’ ಎಂದಳು. ಅಂದೇ ಎದ್ದು ಬರಬಹುದಿತ್ತು, ಯಾರೂ ನನ್ನನ್ನು ಆಡಿಕೊಳ್ಳುತ್ತಿರಲಿಲ್ಲ. ಆದರೆ ನನ್ನ ಜಂಬ ಬಿಡಬೇಕಲ್ಲ! ಕಿವಿಗೆ ಬಾಯಿ ಹಚ್ಚಿ ಹೇಳಿದರೆ ಇಳಿಯುತ್ತದೆ, ತುಟಿ ದೊಡ್ಡದು ಮಾಡಿದರೆ ಇಳಿಯುತ್ತದೆ ಎಂದು ಹಟ ಹಿಡಿದು ಕೂತೆ.

ಎರಡು ಹುಣ್ಣಿಮೆ ಕಳೆದವು. ನನ್ನ ಗಂಟಲು ಕಟ್ಟಿತು, ಬಿಟ್ಟಿತು, ಮತ್ತೆ ಕಟ್ಟಿತು. ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಮಾತುಗಳನ್ನು ಒಂದೊಂದಾಗಿ ಆಡಿ ನೋಡುತ್ತಿದ್ದೆ. ಮರ, ಕಾಗೆ, ಬಟ್ಟಲು, ಅಮ್ಮ. ಎಲ್ಲ ಇದ್ದವು. ಒಂದಾದರೂ ಕಳೆದಿರಬಾರದೇ ಎಂದು ಅಷ್ಟು ಬೇಡಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಹಾಗೆಂದು ಕೂಸು ಮಂಕೇನಲ್ಲ. ಅಯ್ಯೋ, ಏನು ಚುರುಕು ಕಣ್ಣು ಅದರದ್ದು! ನಾನು ತುಟಿ ದೊಡ್ಡದು ಮಾಡಿ ‘ಹಾ-ಲು’ ಎನ್ನುತ್ತಿದ್ದರೆ ಒಂದು ಗಳಿಗೆ ಮುಖ ನೋಡುತ್ತಿದ್ದಳು, ಆಮೇಲೆ ತೆವಳಿಕೊಂಡು ನನ್ನ ಬೆನ್ನ ಹಿಂದೆ ಹೋಗಿ ಕಟ್ಟಿದ ಕೈಗಳನ್ನು ನೋಡುತ್ತ ಕೂರುತ್ತಿದ್ದಳು. ಪಟ್ಟಿಯ ಗಂಟು ಎಳೆಯುತ್ತಿದ್ದಳು. ಎರಡು ಸಲ ಬಿಚ್ಚಿಯೇಬಿಟ್ಟಳು. ನಾನು ‘ತುಂಟಿ!’ ಎಂದು ಬೈದು, ಸರ್ವಮಂಗಳನನ್ನು ಕರೆದು, ಇನ್ನೂ ಬಿಗಿಯಾಗಿ ಕಟ್ಟಿಸಿಕೊಂಡೆ. ಇನ್ನೊಂದು ಚಾಳಿಯೂ ಇತ್ತು ಅವಳಿಗೆ. ಕೂತಲ್ಲೆಲ್ಲ ಬೆರಳು ಆಡಿಸುವುದು, ಅಂಗೈ ಮುಚ್ಚುವುದು, ತೆರೆಯುವುದು, ಅದೇ ಆಟವನ್ನು ಮತ್ತೆ ಮತ್ತೆ. ತಾಯಿ ಆ ಪುಟ್ಟ ಬೆರಳುಗಳನ್ನು ಹಿಡಿದು ನಿಲ್ಲಿಸುತ್ತಿದ್ದಳು. ನಿಲ್ಲಿಸು ಎಂದು ಹೇಳಿದ್ದು ನಾನೇ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ. ಬೇರೆ ಕೂಸುಗಳು ಬಾಯಲ್ಲಿ ‘ಬಬಬ’ ‘ಗಗಗ’ ಎನ್ನುತ್ತವಲ್ಲ, ಆಗ ಹಿಗ್ಗಿ ಕುಣಿಯುತ್ತಿದ್ದವಳು ನಾನು. ಈ ಕೂಸು ಅದನ್ನೇ ಕೈಯಲ್ಲಿ ಆಡುತ್ತಿತ್ತು. ನಲವತ್ತೊಂದು ಮಕ್ಕಳನ್ನು ಕಂಡವಳಿಗೆ ಅದು ಕಾಣಲಿಲ್ಲ.

ಪುಷ್ಯದ ಅಮಾವಾಸ್ಯೆ ಕಳೆದು ಮಾಘ ಶುರುವಾದ ಮೂರನೆಯ ದಿನ ನನ್ನ ಮಗನ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಹತ್ತು ತಿಂಗಳ ಮೊಮ್ಮಗ ನನ್ನ ಬಾಯಿಂದ ‘ನೀರು’ ತೆಗೆದುಕೊಂಡ. ಸೊಸೆ ಸಕ್ಕರೆ ಹಂಚಿದಳು. ನಾನೂ ತಿಂದೆ, ಕೂಸಿಗೆ ಕಾಣದಂತೆ ಕೈಮಾತಿನಲ್ಲಿ ನೀರು ಕೇಳಿ ಕುಡಿದೆ, ಕೆಲಸಕ್ಕೆ ಹೊರಟೆ.

ಓಂಕಾರಪ್ಪನವರ ಮನೆಯಲ್ಲಿ ಅಂದು ಬೆಳಿಗ್ಗೆಯಿಂದ ‘ಅಪ್ಪ’ ಎಂದು ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ಕೆಮ್ಮು ಹತ್ತಿತು. ಕೆಮ್ಮು ಎಂದರೆ ಎಂಥ ಕೆಮ್ಮು, ಕಣ್ಣು ಮೇಲೆ ಹೋಗುವಂಥದ್ದು. ಸರ್ವಮಂಗಳ ಓಡಿಬಂದು ‘ಏನ್ ಬೇಕು ಅಜ್ಜಮ್ಮ, ಏನಾಯ್ತು?’ ಎನ್ನುತ್ತಾಳೆ. ಬಾಯಲ್ಲಿ ಮಾತಿಲ್ಲ, ಕೈ ಕಟ್ಟಿದೆ. ಉಸಿರು ಹೋಗುವ ಹೊತ್ತಿಗೆ ಶಾಸ್ತ್ರ ಸಂಪ್ರದಾಯ ಯಾರಿಗೆ ಬೇಕು? ಮೈಯೆಲ್ಲ ಜಗ್ಗಿ ಒಂದು ಕೈಯನ್ನು ಪಟ್ಟಿಯಿಂದ ಬಿಡಿಸಿಕೊಂಡೆ, ಅಂಗೈ ಬಟ್ಟಲು ಮಾಡಿ ಗಲ್ಲಕ್ಕೆ ವಾಲಿಸಿದೆ. ಒಂದು ಸಲವಲ್ಲ, ನಾಲ್ಕೈದು ಸಲ. ಅವಳು ಚೊಂಬು ತಂದಳು, ಗಟಗಟ ಕುಡಿದೆ. ಆಮೇಲೆ ನೋಡುತ್ತೇನೆ, ನೀಲ ಎದುರಿಗೆ ಎದ್ದು ನಿಂತಿದ್ದಾಳೆ. ನನ್ನ ಕೈ ನೋಡುತ್ತಾಳೆ, ಚೊಂಬು ನೋಡುತ್ತಾಳೆ, ಮತ್ತೆ ನನ್ನ ಕೈ. ಆ ನೋಟ ನನಗೆ ಹೊಸದಲ್ಲ. ಮಾತು ತೆಗೆದುಕೊಳ್ಳುವ ಕೂಸುಗಳ ಕಣ್ಣಲ್ಲಿ ನಲವತ್ತೊಂದು ಸಲ ಕಂಡದ್ದೇ. ಆದರೂ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ, ತಪ್ಪು ಮಾಡಿದೆನಲ್ಲ ಎಂದು ನಾಚಿಕೊಂಡು ಮತ್ತೆ ಕೈ ಕಟ್ಟಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಎದ್ದು ಸೊಸೆಯನ್ನು ನೀರು ಕೇಳೋಣವೆಂದು ಕೈ ಎತ್ತಿದೆ. ಕೈ ಎದೆಯ ಹತ್ತಿರ ಬಂದು ನಿಂತಿತು. ಮುಂದೆ ಏನು ಮಾಡಬೇಕೆಂದು ಅದಕ್ಕೆ ತಿಳಿಯದು. ಮುಷ್ಟಿ ಮಾಡಿದೆ, ಅದಲ್ಲ. ಬೆರಳು ಉಜ್ಜಿದೆ, ಅದು ಉಪ್ಪು. ಐವತ್ತು ವರ್ಷ ಆಡಿದ ಕೈಮಾತು, ಕೈಯಲ್ಲಿ ಇಲ್ಲ. ಲಕ್ವ ಹೊಡೆಯಿತೋ ಏನೋ ಎಂದುಕೊಂಡೆ. ಆದರೆ ಹಾಲಿಗೆ ಮುಷ್ಟಿ ಹಿಂಡಿದರೆ ಬರುತ್ತದೆ, ಮೀಸೆ ತಿರುವಿದರೆ ಬರುತ್ತದೆ. ಅದೊಂದೇ ಇಲ್ಲ. ಬಾಯಿಂದ ಹೋದಾಗ ಹೇಗಿರುತ್ತದೋ ಹಾಗೆಯೇ, ಆ ಜಾಗ ಮಾತ್ರ ಖಾಲಿ.

ಸೊಸೆ ‘ಏನತ್ತೆ, ಏನು?’ ಎಂದು ಕೇಳುತ್ತಲೇ ಇದ್ದಳು. ಆಮೇಲೆ ಮೈಯೆಲ್ಲ ಜುಮ್ಮೆಂದಿತು. ಯಾರೋ ನನ್ನ ಕೈಯಿಂದ ಮಾತು ತೆಗೆದುಕೊಂಡಿದ್ದಾರೆ! ಕೈಯಿಂದಲೂ ತೆಗೆದುಕೊಳ್ಳಬಹುದೆಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು, ಕೂಸುಗಳಿಗೆ ನಾವು ಕೈ ತೋರಿಸಿದ್ದರೆ ತಾನೇ?

ಕೊಡಕ್ಕೇ ಬಾಯಿ ಹಾಕಿ ಕುಡಿದು, ಚಪ್ಪಲಿ ಮೆಟ್ಟದೆ ಬೀದಿಯಲ್ಲಿ ಓಡಿದೆ. ಅರವತ್ತು ದಾಟಿದ ಹೆಂಗಸು, ಸೆರಗು ಎಲ್ಲೋ, ಉಸಿರು ಎಲ್ಲೋ. ‘ಮಂಗಳಾ! ತಗೊಂಡ್ಳು ಕಣೇ! ನಿನ್ನ ಮಗಳು ತಗೊಂಡ್ಳು!’ ಎಂದು ಅವರ ಜಗಲಿಯಿಂದಲೇ ಕೂಗಿದೆ.

ಸರ್ವಮಂಗಳ ಹಿಟ್ಟಿನ ಕೈಯಲ್ಲೇ ಬಂದಳು. ‘ಏನು ತಗೊಂಡ್ಳು ಅಜ್ಜಮ್ಮ? ಯಾವ ಮಾತು?’

ನಾನು ಬಾಯಿ ಬಿಟ್ಟೆ, ಇಲ್ಲ. ಕೈ ಎತ್ತಿದೆ, ಅಲ್ಲೂ ಇಲ್ಲ. ಇಂಥ ಸಂತೋಷದ ಸುದ್ದಿ ಹೊತ್ತು ಬಂದು ಅದನ್ನು ಹೇಳಲಾರದೆ ಮೈ ಪರಚಿಕೊಳ್ಳುವಂತಾಯಿತು. ಕೊನೆಗೆ ಅವಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಾವಿಯನ್ನೇ ತೋರಿಸಿದೆ.

‘ನೀರಾ?’ ಎಂದಳು. ‘ನೀರು ನಿಮ್ಮ ಮೊಮ್ಮಗ ತಗೊಂಡ ಅಂತ ನಿನ್ನೆ ಊರೆಲ್ಲ ಹೇಳ್ತಿತ್ತಲ್ಲ.’

‘ಅವನು ತಗೊಂಡಿದ್ದು ಬಾಯಿಂದ. ಇವಳು ಕೈಯಿಂದ!’

ಅವಳಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು. ಅಷ್ಟರಲ್ಲಿ ನೀಲ ಕಣ್ಣುಜ್ಜಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದಳು. ನಮ್ಮಿಬ್ಬರನ್ನೂ ನೋಡಿದಳು, ಬಾವಿಯ ಪಕ್ಕದ ಕೊಡವನ್ನು ನೋಡಿದಳು. ಪುಟ್ಟ ಅಂಗೈಯನ್ನು ಬಟ್ಟಲು ಮಾಡಿ, ಗಲ್ಲದ ಹತ್ತಿರ ತಂದು, ವಾಲಿಸಿದಳು.

ಸರ್ವಮಂಗಳ ಅಲ್ಲೇ ಕುಸಿದು ಕೂತಳು. ಮತ್ತೆ ಎದ್ದಳು. ಚೊಂಬು ಹುಡುಕಲು ಅತ್ತ ಓಡಿದಳು, ಇತ್ತ ಓಡಿದಳು, ಚೊಂಬು ಕೊಡದ ಬಾಯ ಮೇಲೇ ಇತ್ತು. ಕೂಸು ಕುಡಿಯಿತು, ಮತ್ತೆ ಕೇಳಿತು. ಮತ್ತೆ ಕುಡಿಯಿತು. ಹೊಟ್ಟೆ ತುಂಬಿದ ಮೇಲೂ ಕೇಳಿತು, ಕೇಳಿದರೆ ಬರುತ್ತದೆ ಎಂಬುದೇ ಅದಕ್ಕೆ ದೊಡ್ಡ ಹಬ್ಬ. ಅಷ್ಟು ನೀರನ್ನು ಯಾವ ಮಗುವಿಗೂ ಕುಡಿಸಬಾರದು, ನಾವು ಕುಡಿಸಿದೆವು. ನಾವಿಬ್ಬರೂ ಅತ್ತೆವು, ನಕ್ಕೆವು. ಕೆಂಪು ಪಟ್ಟಿಯನ್ನು ನಾನು ಅಲ್ಲೇ ನೀರೊಲೆಗೆ ಹಾಕಿದೆ.

ಅಂದಿನಿಂದ ಆ ಮನೆಯಲ್ಲಿ ಕೈಗಳು ಸುಮ್ಮನಿರಲಿಲ್ಲ. ಒಂದು ಮನೆಯ ಕೂಸು ಮೂರು ವರ್ಷ ಕಾದದ್ದನ್ನು ಒಂದೇ ವಾರದಲ್ಲಿ ನುಂಗುವುದನ್ನು ನೀವು ನೋಡಬೇಕಿತ್ತು. ನನ್ನ ಕೈಯಿಂದ ಹಾಲು ಹೋಯಿತು, ಬೆಕ್ಕು ಹೋಯಿತು. ಸರ್ವಮಂಗಳನ ಕೈಯಿಂದ ಅಮ್ಮ ಹೋಯಿತು, ಅನ್ನ ಹೋಯಿತು, ಬೇಡ ಹೋಯಿತು. ‘ಬೇಡ’ ಸಿಕ್ಕ ದಿನವಂತೂ ಆ ಹುಡುಗಿ ರಾಣಿಯಾದಳು. ಎಣ್ಣೆ ಬೇಡ, ಅಂಗಿ ಬೇಡ, ನಿದ್ದೆ ಬೇಡ. ‘ಬೇಡ’ವನ್ನು ‘ಅಮ್ಮ’ನ ಜೊತೆ ಸೇರಿಸಿ ‘ಅಮ್ಮ ಬೇಡ’ ಎಂದು ನನ್ನ ತೊಡೆಯೇರಿದಾಗ ತಾಯಿಗೆ ಹೊಟ್ಟೆಕಿಚ್ಚಾಯಿತು. ನನಗೆ ಎಷ್ಟು ಹಿಗ್ಗಾಯಿತೆಂದು ಹೇಳುವುದಿಲ್ಲ.

ಆದರೆ ಓಂಕಾರಪ್ಪನವರು ನಂಬಲಿಲ್ಲ. ಮಗಳು ನೀರು ಕೇಳುವುದನ್ನು ಕಣ್ಣಾರೆ ಕಂಡೂ ನಂಬಲಿಲ್ಲ. ‘ಕೈಮಾತು ಮಾತಾ ನಿಂಗಾಜಮ್ಮ?’ ಎಂದರು. ‘ಮಾತು ಇಲ್ದಾಗ ನಾಲ್ಕು ದಿನ ಕೈ ಆಡಿಸ್ತೀವಿ, ಅಷ್ಟೇ. ಕಟ್ಟೆ ಮೇಲೆ ನಿಲ್ಸಿ ಜನ ನಕ್ರೆ? ಅಕ್ಕನಿಗೆ ಹೇಳಿ ಕಳಿಸಿದ್ದೀನಿ. ಹುಣ್ಣಿಮೆ ಮಾರನೇ ದಿನ ದೋಣಿ ಬರುತ್ತೆ.’

‘ನನ್ನ ಕೈ ಖಾಲಿಯಾಗಿದೆಯಲ್ಲ ಯಜಮಾನ್ರೇ!’

‘ವಯಸ್ಸಾಯ್ತು, ಮರೆತಿರ್ತೀರಿ’ ಎಂದುಬಿಟ್ಟರು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವರ ಜುಟ್ಟು ನನ್ನ ಕೈಯಲ್ಲಿರುತ್ತಿತ್ತು. ಇವರ ಮುಖ ನೋಡಿ ಸುಮ್ಮನಾದೆ. ಆಸೆ ಇಟ್ಟುಕೊಳ್ಳಲು ಹೆದರುವ ಮುಖ ಅದು. ಸರ್ವಮಂಗಳ ಮಾತ್ರ ಅಂದು ಸಂಜೆ ಕೂಸಿನ ಬಟ್ಟೆಗಳನ್ನು ಮಡಚಿಡುತ್ತ ಒಂದೇ ಸಮನೆ ಅತ್ತಳು.

ಹುಣ್ಣಿಮೆಗೆ ಮೂರು ದಿನವಿದೆ ಎನ್ನುವಾಗ ನಾನು ಎರಡು ಅಚ್ಚು ಬೆಲ್ಲಕ್ಕೆಂದು ಮಂಡಿಗೆ ಹೋಗಿದ್ದೆ. ಹರಾಜು ಭರ್ಜರಿಯಾಗಿ ನಡೆದಿತ್ತು. ಓಂಕಾರಪ್ಪನವರು ಎತ್ತರದ ಹಲಗೆಯ ಮೇಲೆ ನಿಂತು ಕೂಗುತ್ತಿದ್ದರು. ಒಂದು ರಾಶಿ ಇತ್ಯರ್ಥವಾದ ಕೂಡಲೇ ಅವರು ಹಮಾಲರನ್ನು ಕೈ ಬೀಸಿ ಕರೆಯುವುದು ವಾಡಿಕೆ; ಆ ಗದ್ದಲದಲ್ಲಿ ‘ಬಾ’ ಎಂದರೆ ಯಾರಿಗೆ ಕೇಳಿಸುತ್ತದೆ? ಅಂದೂ ರಾಶಿ ಮುಗಿಯಿತು, ಕೈ ಎತ್ತಿದರು. ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು.

ಹಮಾಲರು ಕಾದರು. ಓಂಕಾರಪ್ಪನವರು ಕೈ ಕೆಳಗಿಳಿಸಿ ಮತ್ತೆ ಎತ್ತಿದರು. ಬೆರಳು ಅಗಲಿಸಿದರು, ಮುಷ್ಟಿ ಮಾಡಿದರು. ಜನ ‘ಏನ್ರೀ ಓಂಕಾರಪ್ಪ, ಆಶೀರ್ವಾದ ಮಾಡ್ತಾ ಇದ್ದೀರಾ?’ ಎಂದು ನಗೆಯಾಡಿದರು. ಅವರು ನಗಲಿಲ್ಲ. ತಮ್ಮ ಕೈಯನ್ನೇ ನೋಡುತ್ತಿದ್ದರು. ನಾನು ಬೆಲ್ಲ ಅಲ್ಲೇ ಬಿಟ್ಟು ಜನರನ್ನು ನೂಕಿಕೊಂಡು ಹಲಗೆಯ ಹತ್ತಿರ ಹೋದೆ.

‘ಯಜಮಾನ್ರೇ, ಯಾರನ್ನ ಕರೆದಿದ್ರಿ?’ ಎಂದು ಕೇಳಿದೆ.

‘ನೀಲನ್ನ’ ಎಂದರು. ಅವರ ದನಿ ಒಡೆಯಿತು. ‘ನಾಲ್ಕು ದಿನದಿಂದ, ಬೆಳಿಗ್ಗೆ ನೀವ್ಯಾರೂ ಇಲ್ದಾಗ. ನೋಡೋಣ ಅಂತ ಸುಮ್ನೆ ಹಿಂಗೆ...’ ತೋರಿಸಲು ಹೋದರು, ಕೈ ಬರಲಿಲ್ಲ. ‘ಬರ್ತಾ ಇರ್ಲಿಲ್ಲ ಅವಳು. ದೂರದಲ್ಲೇ ನಿಂತು ನೋಡ್ತಿದ್ಳು.’ ಆಮೇಲೆ ಮಂಡಿಯ ಮಾಡು ಹಾರಿಹೋಗುವಂತೆ ಕೂಗಿದರು: ‘ನನ್ನ ಮಗಳು ತಗೊಂಡ್ಳು ಕಣ್ರಪ್ಪೋ! ನನ್ನ ಕೈಯಿಂದ ತಗೊಂಡ್ಳು!’

ಹಲಗೆಯಿಂದ ಹಾರಿ ಓಡಿದರು. ಪೇಟ ಬಿತ್ತು, ಎತ್ತಿಕೊಳ್ಳಲಿಲ್ಲ. ಹಿಂದೆ ನಾನು, ನನ್ನ ಹಿಂದೆ ಹಮಾಲರು, ಬೆಲ್ಲ ಕೊಂಡವರು, ಕೊಳ್ಳದವರು, ಅರ್ಧ ಮಂಡಿಯೇ ಬಂತು. ಮನೆಯಂಗಳದ ಬಾಗಿಲಿಗೆ ಬಂದು ಓಂಕಾರಪ್ಪನವರು ಥಟ್ಟನೆ ನಿಂತುಬಿಟ್ಟರು. ಜಗಲಿಯ ಮೇಲೆ ನೀಲ ಕೂತಿದ್ದಳು. ಕರೆಯಬೇಕು, ಕೈಯಲ್ಲಿ ಮಾತಿಲ್ಲ. ಕೈ ಎತ್ತಿದರು, ಇಳಿಸಿದರು. ಅಷ್ಟು ದೊಡ್ಡ ಗಂಡಸು ಹೊಸಿಲಾಚೆ ತಪ್ಪು ಮಾಡಿದ ಹುಡುಗನಂತೆ ನಿಂತಿದ್ದರು.

ನೀಲ ಅವರನ್ನು ನೋಡಿದಳು. ಎದ್ದು ನಿಂತಳು. ಕೈ ಮುಂದೆ ಚಾಚಿ, ಅಪ್ಪ ಮಾಡುತ್ತಿದ್ದ ಹಾಗೆಯೇ, ನಾಲ್ಕೂ ಬೆರಳು ಮಡಚಿ ತನ್ನ ಕಡೆಗೆ ಎಳೆದುಕೊಂಡಳು. ಬಾ.

ಅವರು ಹೋದರು. ಮೂರು ವರ್ಷದಲ್ಲಿ ಮೊದಲ ಸಲ ಮಗಳನ್ನು ಬಾಚಿ ತಬ್ಬಿಕೊಂಡು ‘ನನ್ನವ್ವಾ, ನನ್ನವ್ವಾ’ ಎಂದು ಬಾಯಿಬಿಟ್ಟು ಅತ್ತರು. ಮಂಡಿಯ ಹಮಾಲರು ಹೆಗಲ ವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಹೊಳೆಯಾಚೆಯ ಅಕ್ಕನಿಗೆ ಅಂದೇ ಹೇಳಿ ಕಳಿಸಿದರು: ದೋಣಿ ಬೇಡ, ನೀನೇ ಶಾಸ್ತ್ರಕ್ಕೆ ಬಾ ಎಂದು.

ಮಾಘದ ಹುಣ್ಣಿಮೆಯ ಮಧ್ಯಾಹ್ನ ಸಂತೆಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶಾಸ್ತ್ರ ನಡೆಸುವ ಹಿರಿಯರು ಮುದ್ದುವೀರಣ್ಣನವರು. ಅವರು ಮೊದಲು ಗಡ್ಡ ನೀವಿಕೊಂಡು, ಹೀಗೊಂದು ಪದ್ಧತಿ ಇಲ್ಲವಲ್ಲ ಎಂದು ರಾಗ ಎಳೆದಿದ್ದರು. ‘ನನ್ನ ಕೈಯಿಂದ ಮಾತು ಹೋಗಿದೆ. ಹೋಗಿಲ್ಲ ಅನ್ನೋರು ಬಂದು ನನ್ನ ಕೈಗೆ ಅದನ್ನ ತರಿಸಿ ನೋಡೋಣ’ ಎಂದು ನಾನು ಕಟ್ಟೆಯ ಕೆಳಗೆ ಸೊಂಟಕ್ಕೆ ಸೆರಗು ಕಟ್ಟಿ ನಿಂತ ಮೇಲೆ ಒಪ್ಪಿದರು.

ನೀಲ ಹಸಿರು ಲಂಗ ಉಟ್ಟು ಕಟ್ಟೆಯ ಮೇಲೆ ನಿಂತಳು. ಅಷ್ಟು ಜನರನ್ನು ಕಂಡು ಒಂದು ಗಳಿಗೆ ಹೆದರಿ ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ ನೋಡಿ, ಅಂಗೈ ಬಟ್ಟಲು ಮಾಡಿ ಗಲ್ಲಕ್ಕೆ ವಾಲಿಸಿದಳು. ‘ಇದು ಯಾರ ಮಾತು?’ ಎಂದರು ಮುದ್ದುವೀರಣ್ಣನವರು. ನಾನು ಎದ್ದು ನಿಂತೆ. ಅಮ್ಮ ಎಂದಳು, ಅನ್ನ ಎಂದಳು. ಸರ್ವಮಂಗಳ ಎರಡು ಸಲ ಎದ್ದಳು. ಬಾ ಎಂದಳು. ಓಂಕಾರಪ್ಪನವರು ಎದ್ದರು, ಕೂರು ಎಂದರೂ ಕೂರಲಿಲ್ಲ. ಜನ ನಗಲಿಲ್ಲ. ಒಂದೊಂದು ಮಾತಿಗೂ ಎಲ್ಲರೂ ಸೇರಿ ಹೋ ಎಂದು ಕೂಗಿದರು. ಆ ಕೂಗು ಅವಳಿಗೆ ಕೇಳಿಸುವುದಿಲ್ಲ ಎಂಬುದು ಯಾರಿಗೆ ಮೊದಲು ಹೊಳೆಯಿತೋ ಕಾಣೆ, ಯಾರೋ ಎರಡೂ ಕೈ ಮೇಲೆತ್ತಿ ಆಡಿಸಿದರು. ನೋಡುತ್ತಿದ್ದಂತೆ ಸಂತೆಯ ತುಂಬ ಕೈಗಳು ಎದ್ದವು. ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡೇ ಮುದುಕರಾದ ಗಂಡಸರು ಕೂಡ ಎತ್ತಿ ಆಡಿಸಿದರು. ನೀಲ ಬಾಯಿ ತೆರೆದು ನೋಡಿದಳು.

ಮುಗಿಯಿತು ಎಂದುಕೊಂಡೆವು. ಮುದ್ದುವೀರಣ್ಣನವರು ಅವಳ ಹಣೆಗೆ ವಿಭೂತಿ ಹಚ್ಚಲು ಬಾಗಿದರು. ಆಗ ನೀಲ ಜನರ ನಡುವೆ ನನ್ನನ್ನು ಹುಡುಕಿ ಹಿಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಜೋಡಿಸಿದಳು. ಮೈ ಕೊಸರಿದಳು. ಆಮೇಲೆ ಒಂದು ಕೈಯನ್ನು ಸರಕ್ಕನೆ ಕಿತ್ತು ಮುಂದೆ ತಂದು ಬೆರಳುಗಳನ್ನು ಅರಳಿಸಿ, ನನ್ನ ಕಡೆಗೆ ತೋರಿಸಿದಳು. ಮತ್ತೊಮ್ಮೆ ಮಾಡಿದಳು. ಕೈ ಹಿಂದೆ, ಕೊಸರು, ಬಿಡುಗಡೆ. ನಾನು.

ಎಲ್ಲರಿಗೂ ಅರ್ಥವಾಯಿತು. ನಲವತ್ತು ವರ್ಷದಿಂದ ಕೈ ಕಟ್ಟಿಸಿಕೊಂಡು ಕೂ‍ರುತ್ತಿದ್ದ ಈ ಮುದುಕಿ ಯಾರೆಂದು ಊರಲ್ಲಿ ಯಾರಿಗೆ ಗೊತ್ತಿಲ್ಲ? ನಗು ಎದ್ದಿತು, ನನ್ನ ಕಣ್ಣು ಮಂಜಾಯಿತು. ಮುದ್ದುವೀರಣ್ಣನವರು ವಾಡಿಕೆಯಂತೆ, ‘ಇದು ಯಾರ ಮಾತು?’ ಎಂದು ಕೇಳಿದರು.

ಯಾರೂ ಏಳಲಿಲ್ಲ. ನನ್ನ ಕಡೆ ನೋಡಿದರು, ನಾನಲ್ಲ ಎಂದೆ. ಸರ್ವಮಂಗಳ ತಲೆಯಾಡಿಸಿದಳು. ಜನ ತಮ್ಮ ತಮ್ಮ ಕೈ ಹಿಂದೆ ಕಟ್ಟಿ ಬಿಡಿಸಿ ನೋಡಿಕೊಂಡರು. ಎಲ್ಲರಿಗೂ ಬರುತ್ತಿತ್ತು, ಯಾರ ಕೈಯಿಂದಲೂ ಹೋಗಿರಲಿಲ್ಲ. ಕಟ್ಟೆ ಕಟ್ಟಿದಂದಿನಿಂದ ಆ ಪ್ರಶ್ನೆಗೆ ಯಾರೂ ಏಳದೆ ಇದ್ದದ್ದು ಅದೇ ಮೊದಲು. ಮುದ್ದುವೀರಣ್ಣನವರು ಗಲಿಬಿಲಿಯಾಗಿ, ಇನ್ನಷ್ಟು ಗಟ್ಟಿಯಾಗಿ, ‘ಯಾರ ಮಾತಪ್ಪಾ ಇದು?’ ಎಂದರು.

ಓಂಕಾರಪ್ಪನವರು ಇನ್ನೂ ನಿಂತೇ ಇದ್ದರು. ಹರಾಜಿನ ಕೊನೆಯ ಕೂಗಿಗೆ ಇಟ್ಟುಕೊಂಡ ದನಿಯಲ್ಲಿ, ಹೊಳೆಯ ದಡದವರೆಗೂ ಕೇಳುವಂತೆ ಕೂಗಿದರು: ‘ಯಾರದ್ದೂ ಅಲ್ಲ! ಅದು ನನ್ನ ಮಗಳದ್ದೇ ಮಾತು!’

ಮಾರನೆಯ ಬೆಳಿಗ್ಗೆ ನಮ್ಮ ಬಾಯಿಗಳಿಗೆ, ಕೈಗಳಿಗೆ ಎಲ್ಲ ಮರಳಿ ಬಂತು. ನಾನು ಮಾಳಿಗೆ ಹತ್ತಿ ನಿಂತು ಬಾಯಲ್ಲೂ ಕೈಯಲ್ಲೂ ‘ನೀರು! ನೀರು!’ ಎಂದು ಆಡಿದೆ. ಕೆಳಗೆ ಬೀದಿಯಲ್ಲಿ ಓಂಕಾರಪ್ಪನವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಡವರನ್ನೆಲ್ಲ ಕೈ ಬೀಸಿ ಕರೆಯುತ್ತ ಹೋಗುತ್ತಿದ್ದರು. ನೀಲ ತಲೆ ಎತ್ತಿ ನನ್ನನ್ನು ನೋಡಿದಳು, ಅಪ್ಪನ ಜುಟ್ಟು ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಒಯ್ದಳು. ಇವತ್ತಿಗೂ ಊರಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ, ನಾನೂ ಅದಕ್ಕೇ ತಿರುಗಿ ನೋಡುತ್ತೇನೆ.